‘ಇದು’ ಎಂದರೆ ಯಾವುದು?

1990ರ ದಶಕದಲ್ಲಿ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ದೆವ್ವವೊಂದು ಬಂದು ಮನೆಯವರನ್ನು ಕರೆಯುತ್ತದೆ, ಈ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗ ಮತ್ತೆ ಅದೇ ಬರಹ ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ಆಗಿನ ನಂಬಿಕೆ. ದೆವ್ವದ ಮಾತು ಹಾಗಿರಲಿ, ವಿಜ್ಞಾನದ ಮೇಷ್ಟರಾದ ನಾನು ಅದಕ್ಕೆ ಸಾಕ್ಷಿ ಹೇಳಲಾರೆ. ಆದರೆ ಆ ಬರಹದ ವ್ಯಾಕರಣ ಮಾತ್ರ ಬಹಳ ಗಟ್ಟಿಯಾದದ್ದು. ‘ನಾಳೆ’ ಎಂಬ ಮಾತಿಗೆ ಅರ್ಥ ಬರುವುದು ಅದನ್ನು ಬರೆದಾಗ ಅಲ್ಲ, ಓದಿದಾಗ. ‘ಮಾರ್ಚ್ 15ರಂದು ಬಾ’ ಎಂದು ಬರೆದಿದ್ದರೆ ಆ ಉಪಾಯ ಮಾರ್ಚ್ 15ಕ್ಕೆ ಮುಗಿದುಹೋಗುತ್ತಿತ್ತು.

ನಾನು, ನೀನು, ಇಲ್ಲಿ, ಇಂದು, ಇದು – ಇವೆಲ್ಲ ಇದೇ ಜಾತಿಯ ಪದಗಳು. ‘ಕಾವೇರಿ’ ಎಂದರೆ ಯಾರು ಹೇಳಿದರೂ ಕಾವೇರಿಯೇ. ‘ನಾನು’ ಎಂದರೆ ಮಾತ್ರ ಹೇಳಿದವರು ಯಾರೋ ಅವರು. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲೂ ಇಂಥದೊಂದು ಪದವಿದೆ. ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಅದರ ಹೆಸರು ‘ದಿಸ್’, ಅಂದರೆ ‘ಇದು’. ನಾಲ್ಕೇ ಅಕ್ಷರದ ಈ ಇಂಗ್ಲಿಷ್ ಪದ ಕಲಿಯುವ ಮಕ್ಕಳನ್ನೂ ಅನುಭವಿ ಎಂಜಿನಿಯರುಗಳನ್ನೂ ಎಡವಿಸಿದಷ್ಟು ಆ ಭಾಷೆಯ ಬೇರೆ ಯಾವ ಪದವೂ ಎಡವಿಸಿರಲಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಏಕೆ ಹಾಗೆ ಎಂಬುದನ್ನು ಈಗ ನೋಡೋಣ.

ಮೊದಲು ಕೆಲವು ಮಾತು. ಬ್ರೌಸರಿನಲ್ಲಿ ನೀವು ನೋಡುವ ಪುಟದಲ್ಲಿ ಗುಂಡಿ ಒತ್ತಿದಾಗ ಏನಾದರೂ ನಡೆಯುತ್ತದಲ್ಲ – ರೈಲಿನ ಸೀಟು ಆರಿಸುವುದು, ಫಲಿತಾಂಶದ ಪುಟದಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಅಂಕ ನೋಡುವುದು – ಆ ಪುಟದ ಒಳಗೆ ಕೆಲಸ ಮಾಡುವ ಭಾಷೆ ಜಾವಾಸ್ಕ್ರಿಪ್ಟ್. ಗುಂಡಿ ಒತ್ತುವುದು, ಕೀಲಿ ತಟ್ಟುವುದು, ಮೌಸ್ ಸರಿಸುವುದು, ಇವುಗಳಿಗೆ ‘ಇವೆಂಟ್’ ಎಂದು ಹೆಸರು. ಇವೆಂಟ್ ನಡೆದಾಗ ಮಾಡಬೇಕಾದ ಕೆಲಸವನ್ನು ಬರೆದಿಟ್ಟ ಫಂಕ್ಷನ್ನಿಗೆ ‘ಇವೆಂಟ್ ಹ್ಯಾಂಡ್ಲರ್’ ಎನ್ನುತ್ತಾರೆ. ಒಂದಿಷ್ಟು ಮಾಹಿತಿಯನ್ನೂ ಅದಕ್ಕೆ ಸಂಬಂಧಿಸಿದ ಫಂಕ್ಷನ್ನುಗಳನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟು ‘ಆಬ್ಜೆಕ್ಟ್’.

ಇಲ್ಲಿ ಕೋಡನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ದಿಸ್, ಫಂಕ್ಷನ್, ವ್ಯಾಲ್ಯೂ, ಕ್ಲಿಕ್ ಮುಂತಾದ ಆ ಭಾಷೆಯ ಸ್ವಂತ ಪದಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ ನಾವು ಇಡುವ ಹೆಸರುಗಳು – ಗಂಗಾ, ಹೆಚ್ಚಿಸು, ತೋರಿಸು – ಕನ್ನಡದಲ್ಲೇ ಇರಬಹುದು. ಜಾವಾಸ್ಕ್ರಿಪ್ಟ್ ಅದಕ್ಕೆ ತಕರಾರು ಮಾಡುವುದಿಲ್ಲ. ಈ ಸಂಗತಿ ತಿಳಿದಾಗ ನಮ್ಮ ಮಕ್ಕಳ ಮುಖ ಅರಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮೂರು ಉತ್ತರಕ್ಕೆ ನೂರಹನ್ನೊಂದು ಅಂಕ

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಒಂದು ವರ್ಷ ಶಾಲೆಯಲ್ಲಿ ರಸಪ್ರಶ್ನೆ ಇಟ್ಟುಕೊಂಡಿದ್ದೆವು. ಗಂಗಾ, ಕಾವೇರಿ ಎಂದು ಎರಡು ತಂಡ. ಹತ್ತನೇ ತರಗತಿಯ ಒಬ್ಬ ಹುಡುಗ, ತಾನೇ ಪುಸ್ತಕ ಓದಿ ಜಾವಾಸ್ಕ್ರಿಪ್ಟ್ ಕಲಿತಿದ್ದವನು, ಅಂಕ ತೋರಿಸುವ ಪುಟವೊಂದನ್ನು ಬರೆದ. ತಂಡಕ್ಕೊಂದು ಗುಂಡಿ. ಸರಿಯುತ್ತರ ಬಂದಾಗ ಗುಂಡಿ ಒತ್ತಿದರೆ ಅಂಕ ಒಂದು ಏರಬೇಕು. ಹಿಂದಿನ ದಿನ ಪರೀಕ್ಷೆ ಮಾಡಿದ್ದೂ ಆಯಿತು. ಗಂಗಾ ಗುಂಡಿ ಒತ್ತಿದ, 1 ಎಂದು ಬಂತು. ಕಾವೇರಿ ಗುಂಡಿ ಒತ್ತಿದ, ಅಲ್ಲೂ 1. ಸರಿ ಎಂದು ಮುಚ್ಚಿಟ್ಟ.

ಮರುದಿನ ಸಭೆಯಲ್ಲಿ ಗಂಗಾ ತಂಡ ಎರಡನೆಯ ಸರಿಯುತ್ತರ ಕೊಟ್ಟಾಗ ಪರದೆಯ ಮೇಲೆ 11 ಎಂದು ಬಂತು. ಮೂರನೆಯದಕ್ಕೆ 111. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಉಳಿದ ಅಂಕಗಳನ್ನು ಸೀಮೆಸುಣ್ಣದಿಂದ ಬರೆದು ಕಾರ್ಯಕ್ರಮ ಮುಗಿಸಿದೆವು.

ಕೆಲವು ವಾರಗಳ ನಂತರ ಹುಡುಗನ ತಂದೆ ಬಂದರು. “ಮೇಷ್ಟ್ರೇ, ಕಂಪ್ಯೂಟರ್ ತನ್ನ ತಲೆಗೆ ಹತ್ತೋದಿಲ್ಲ ಅಂತ ಇವನೇ ಹೇಳ್ತಾನೆ. ಪಿಯುಸಿಗೆ ಪಿಸಿಎಂಸಿ ಬೇಡ, ಬೇರೆ ಏನಾದ್ರೂ ಕೊಡಿಸೋಣ ಅಂತಿದೀನಿ” ಎಂದರು. ಈ ಲೇಖನ ಬರೆಯುತ್ತಿರುವುದಕ್ಕೆ ಆ ಮಾತೇ ಕಾರಣ. ಅವರಿಗೆ ನಾನು ಹೇಳಿದ ವಿವರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಡುಗನ ಕೋಡಿನ ತಿರುಳು ಹೀಗಿತ್ತು:

ಲೆಟ್ ಗಂಗಾ = {
  ವ್ಯಾಲ್ಯೂ: 0,
  ಹೆಚ್ಚಿಸು: ಫಂಕ್ಷನ್ () {
    ದಿಸ್.ವ್ಯಾಲ್ಯೂ = ದಿಸ್.ವ್ಯಾಲ್ಯೂ + 1;
    ತೋರಿಸು(ದಿಸ್.ವ್ಯಾಲ್ಯೂ);
  }
};

ಗಂಗಾ ಎಂಬ ಆಬ್ಜೆಕ್ಟಿನಲ್ಲಿ ‘ವ್ಯಾಲ್ಯೂ’ ಎಂಬ ಒಂದು ಸಂಖ್ಯೆ ಇದೆ, ಈಗ ಅದು ಸೊನ್ನೆ. ‘ಹೆಚ್ಚಿಸು’ ಎಂಬ ಫಂಕ್ಷನ್ ಅದಕ್ಕೆ ಒಂದು ಕೂಡಿಸಿ ಪರದೆಗೆ ಕಳಿಸುತ್ತದೆ. ‘ತೋರಿಸು’ ಎಂಬುದು ಪರದೆಯ ಮೇಲೆ ಬರೆಯಲು ಅವನು ಬೇರೆಯಾಗಿ ಮಾಡಿಕೊಂಡಿದ್ದ ಇನ್ನೊಂದು ಫಂಕ್ಷನ್. ಈ ಕೋಡಿನಲ್ಲಿ ತಪ್ಪಿಲ್ಲ. ‘ಗಂಗಾ.ಹೆಚ್ಚಿಸು()’ ಎಂದು ಮೂರು ಸಲ ಬರೆದರೆ 1, 2, 3 ಎಂದೇ ಬರುತ್ತದೆ. ಹಾಗಾದರೆ ಕೆಟ್ಟದ್ದು ಎಲ್ಲಿ? ಮುಂದಿನ ಒಂದು ಸಾಲಿನಲ್ಲಿ:

ಬಟನ್.ಆಡ್‌ಇವೆಂಟ್‌ಲಿಸನರ್(“ಕ್ಲಿಕ್”, ಗಂಗಾ.ಹೆಚ್ಚಿಸು);

‘ಗುಂಡಿಯನ್ನು ಒತ್ತಿದಾಗ ಗಂಗಾದ ಹೆಚ್ಚಿಸು ಎಂಬುದನ್ನು ಮಾಡು’ ಎಂದು ಓದಿಕೊಳ್ಳುತ್ತೇವೆ. ಓದಲು ಎಷ್ಟು ಸರಳವಾಗಿದೆ! ಆದರೆ ಬ್ರೌಸರ್ ಅದನ್ನು ಹಾಗೆ ಓದುವುದಿಲ್ಲ.

ಹೆಸರಿಲ್ಲದ ಚೀಟಿ

ನಿಮ್ಮ ಅಜ್ಜ ಒಂದು ಚೀಟಿಯಲ್ಲಿ ‘ಎರಡು ಕೆ.ಜಿ. ಅಕ್ಕಿ ಕೊಟ್ಟು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ’ ಎಂದು ಬರೆದಿದ್ದಾರೆ ಎಂದುಕೊಳ್ಳಿ. ಸಹಿ ಇಲ್ಲ, ಹೆಸರಿಲ್ಲ. ಅಜ್ಜ ತಾವೇ ಅಂಗಡಿಗೆ ಹೋಗಿ ಚೀಟಿ ಕೊಟ್ಟರೆ ತೊಂದರೆಯಿಲ್ಲ, ಅಂಗಡಿಯವರು ಅವರ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಆದರೆ ಅಜ್ಜ ಅದನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟು ಕಳಿಸಿದರೆ? ಅಂಗಡಿಯವರು ಚೀಟಿ ತಂದವನ ಮುಖ ನೋಡಿ ಅವನ ಮನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಚೀಟಿಯಲ್ಲಿ ತಪ್ಪಿಲ್ಲ, ಅಂಗಡಿಯವರದೂ ತಪ್ಪಲ್ಲ. ಚೀಟಿಯೊಡನೆ ಅಜ್ಜ ಹೋಗಲಿಲ್ಲ, ಅಷ್ಟೆ.

‘ಗಂಗಾ.ಹೆಚ್ಚಿಸು’ ಎಂಬುದರ ಕೊನೆಯಲ್ಲಿ ಆವರಣ ಚಿಹ್ನೆ ಇಲ್ಲದಿರುವುದನ್ನು ಗಮನಿಸಿ. ಆವರಣ ಇದ್ದರೆ ‘ಈಗಲೇ ಮಾಡು’ ಎಂದರ್ಥ. ಇಲ್ಲದಿದ್ದರೆ ‘ಆ ಫಂಕ್ಷನ್ನನ್ನು ತೆಗೆದುಕೊಡು’ ಎಂದು ಮಾತ್ರ. ಗಂಗಾ ಎಂಬ ಗಂಟನ್ನು ಬಿಚ್ಚಿ, ಒಳಗಿನ ಫಂಕ್ಷನ್ ತೆಗೆದು, ಬ್ರೌಸರಿನ ಕೈಗೆ ಕೊಟ್ಟದ್ದಾಯಿತು. ಗಂಟು ಅಲ್ಲೇ ಉಳಿಯಿತು. ಆ ಫಂಕ್ಷನ್ ಒಂದು ಕಾಲಕ್ಕೆ ಗಂಗಾದೊಳಗೆ ಇತ್ತು ಎಂಬ ಗುರುತು ಅದರ ಮೇಲೆ ಎಲ್ಲೂ ಇರುವುದಿಲ್ಲ.

ಗುಂಡಿ ಒತ್ತಿದಾಗ ಫಂಕ್ಷನ್ನನ್ನು ಕರೆಯುವುದು ಬ್ರೌಸರ್. ಅದು ಒಂದು ನಿಯಮವನ್ನು ಪಾಲಿಸುತ್ತದೆ: ಯಾವ ಗುಂಡಿಗೆ ಹ್ಯಾಂಡ್ಲರನ್ನು ಕಟ್ಟಿದ್ದಾರೋ ಆ ಗುಂಡಿಯೇ ‘ದಿಸ್’. ಆದ್ದರಿಂದ ‘ದಿಸ್.ವ್ಯಾಲ್ಯೂ’ ಎಂದರೆ ಗಂಗಾದ ವ್ಯಾಲ್ಯೂ ಅಲ್ಲ, ಗುಂಡಿಯ ವ್ಯಾಲ್ಯೂ. ಗುಂಡಿಗೂ ಒಂದು ವ್ಯಾಲ್ಯೂ ಇರುತ್ತದೆಯೇ? ಇರುತ್ತದೆ! ಪುಟದಲ್ಲಿನ ಪ್ರತಿ ಬಟನ್ನಿಗೂ ಆ ಹೆಸರಿನ ಗುಣ ಹುಟ್ಟಿನಿಂದಲೇ ಇದೆ. ನಾವು ಏನೂ ಕೊಡದಿದ್ದರೆ ಅದು ಖಾಲಿ ಅಕ್ಷರಮಾಲೆ. ಸಂಖ್ಯೆಯಲ್ಲ, ಬರಹ. ಜಾವಾಸ್ಕ್ರಿಪ್ಟಿನಲ್ಲಿ ಕೂಡಿಸುವ ಚಿಹ್ನೆಗೆ ಎರಡು ಕೆಲಸ. ಎರಡೂ ಕಡೆ ಸಂಖ್ಯೆ ಇದ್ದರೆ ಕೂಡಿಸುತ್ತದೆ, ಒಂದು ಕಡೆ ಬರಹವಿದ್ದರೂ ಸಾಕು, ಅಂಟಿಸುತ್ತದೆ. ಖಾಲಿ ಬರಹಕ್ಕೆ 1 ಅಂಟಿಸಿದರೆ ‘1’. ಅದಕ್ಕೆ ಮತ್ತೊಂದು ಅಂಟಿಸಿದರೆ ‘11’. ಮತ್ತೊಂದಕ್ಕೆ ‘111’. ಮೊದಲ ಸಲ ಸರಿಯಾದ ಉತ್ತರವೇ ಬಂದಿತೆಂಬುದು ಈ ತೊಡಕಿನ ಅತ್ಯಂತ ಕೆಟ್ಟ ಭಾಗ. ಹುಡುಗ ಪರೀಕ್ಷೆ ಮಾಡಿದ್ದು ಒಂದೇ ಸಲ ಒತ್ತಿ.

ಅವನು ‘ವ್ಯಾಲ್ಯೂ’ ಎನ್ನುವ ಬದಲು ‘ಅಂಕ’ ಎಂದು ಹೆಸರಿಟ್ಟಿದ್ದರೆ ಏನಾಗುತ್ತಿತ್ತು? ಬಟನ್ನಿಗೆ ಅಂಕ ಎಂಬ ಗುಣವಿಲ್ಲ. ಇಲ್ಲದ್ದಕ್ಕೆ ಒಂದು ಕೂಡಿಸಿದರೆ ಜಾವಾಸ್ಕ್ರಿಪ್ಟ್ ‘ಎನ್ಎಎನ್’ ಎಂದು ಬರೆಯುತ್ತದೆ, ಅಂದರೆ ‘ನಾಟ್ ಎ ನಂಬರ್’, ಸಂಖ್ಯೆಯಲ್ಲ. ಅದಕ್ಕೆ ಎಷ್ಟು ಸಲ ಒಂದು ಕೂಡಿಸಿದರೂ ಅದೇ. ಹಾಗಾಗಿದ್ದರೆ ಮೊದಲ ಒತ್ತಿಗೇ ತಪ್ಪು ಸಿಕ್ಕಿಬೀಳುತ್ತಿತ್ತು.

ಇಲ್ಲಿ ಪೋಷಕರೂ ಗಮನಿಸಬೇಕಾದ ಒಂದು ವಿಷಯವಿದೆ. ಭೌತಶಾಸ್ತ್ರದ ಪ್ರಯೋಗದಲ್ಲಿ ವಿದ್ಯುನ್ಮಂಡಲ ಪೂರ್ತಿಯಾಗದಿದ್ದರೆ ಬಲ್ಬು ಉರಿಯುವುದಿಲ್ಲ, ತಪ್ಪು ಕಣ್ಣಿಗೆ ಕಾಣುತ್ತದೆ. ಈ ತಪ್ಪು ಹಾಗಲ್ಲ. ಯಾವ ಎಚ್ಚರಿಕೆಯೂ ಇಲ್ಲ, ಕೆಂಪು ಅಕ್ಷರವಿಲ್ಲ. ಪುಟ ನಡೆಯುತ್ತಲೇ ಇರುತ್ತದೆ, ಬೇರೆ ಯಾರದೋ ಲೆಕ್ಕಕ್ಕೆ ಬರೆಯುತ್ತ.

ಇಂಥ ನಿಯಮ ಏಕೆ ಬಂತು?

ಜಾವಾಸ್ಕ್ರಿಪ್ಟನ್ನು ರಚಿಸಿದವರು ಬ್ರೆಂಡನ್ ಐಕ್. ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ 1995ರ ಮೇ ತಿಂಗಳಿನಲ್ಲಿ ಹತ್ತು ದಿನಗಳಲ್ಲಿ ಅದರ ಮೊದಲ ರೂಪ ಸಿದ್ಧವಾಯಿತು. ಮೊದಲಿನ ಹೆಸರು ಮೋಕಾ, ಅನಂತರ ಲೈವ್‌ಸ್ಕ್ರಿಪ್ಟ್. ಆಗ ಜಾವಾ ಎಂಬ ಭಾಷೆಯ ಹೆಸರು ಎಲ್ಲೆಲ್ಲೂ ಕೇಳಿಬರುತ್ತಿದ್ದುದರಿಂದ 1995ರ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಎಂದಾಯಿತು. ಜಾವಾಗೂ ಇದಕ್ಕೂ ಇರುವ ನೆಂಟಸ್ತಿಕೆ ಹೆಚ್ಚಾಗಿ ವೇಷಭೂಷಣದ್ದು. ಒಳಗಿನ ಮೂಳೆ ಮಾಂಸ ಬೇರೆ ಕಡೆಯಿಂದ ಬಂದವು. ಫಂಕ್ಷನ್ನನ್ನು ಒಂದು ಸಂಖ್ಯೆಯಂತೆಯೇ ಕೈಯಿಂದ ಕೈಗೆ ಕೊಡಬಹುದೆಂಬ ವಿಚಾರ ಸ್ಕೀಮ್ ಎಂಬ ಭಾಷೆಯಿಂದ, ಒಂದು ಆಬ್ಜೆಕ್ಟ್ ಇನ್ನೊಂದರಿಂದ ಗುಣಗಳನ್ನು ಎರವಲು ಪಡೆಯಬಹುದೆಂಬ ವಿಚಾರ ಸೆಲ್ಫ್ ಎಂಬ ಭಾಷೆಯಿಂದ.

ಈ ಎರಡು ವಿಚಾರಗಳು ಕೂಡಿದ ಕಡೆಯಲ್ಲೇ ನಮ್ಮ ತೊಡಕು ಹುಟ್ಟಿದ್ದು. ಆ ಕಾಲದ ಜಾವಾದಲ್ಲಿ ಆಬ್ಜೆಕ್ಟಿನೊಳಗಿನ ಫಂಕ್ಷನ್ನನ್ನು ಬಿಡಿಸಿ ಬೇರೆಯವರ ಕೈಗೆ ಕೊಡಲು ಬರುತ್ತಿರಲಿಲ್ಲ. ಆದ್ದರಿಂದ ಅಲ್ಲಿ ‘ದಿಸ್’ ದಾರಿ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಫಂಕ್ಷನ್ ಸ್ವತಂತ್ರ. ಅದನ್ನು ಒಂದು ಸಲ ಬರೆದು ಸಾವಿರ ಆಬ್ಜೆಕ್ಟುಗಳು ಹಂಚಿಕೊಳ್ಳಬಹುದು. ಹಾಗೆ ಹಂಚಿಕೊಳ್ಳಬೇಕಾದರೆ ‘ದಿಸ್’ ಎಂಬುದು ಕರೆದ ಕ್ಷಣದಲ್ಲೇ ನಿರ್ಧಾರವಾಗಬೇಕು, ಬರೆದ ಕ್ಷಣದಲ್ಲಿ ಆಗುವಂತಿಲ್ಲ. ಚುಕ್ಕಿಯ ಎಡಕ್ಕೆ ಯಾರಿದ್ದಾರೋ ಅವರೇ ‘ದಿಸ್’. ಗಂಗಾ.ಹೆಚ್ಚಿಸು() ಎಂದರೆ ಗಂಗಾ, ಕಾವೇರಿ.ಹೆಚ್ಚಿಸು() ಎಂದರೆ ಕಾವೇರಿ. ಚುಕ್ಕಿಯೇ ಇಲ್ಲದೆ ಬರಿದೇ ಕರೆದರೆ, ಹಳೆಯ ಕ್ರಮದಲ್ಲಿ ಇಡೀ ಕಿಟಕಿ, ಅಂದರೆ ‘ವಿಂಡೋ’ ಎಂಬ ಆಬ್ಜೆಕ್ಟ್. ಬಿಗಿ ಕ್ರಮದಲ್ಲಿ, ಅದನ್ನು ‘ಸ್ಟ್ರಿಕ್ಟ್ ಮೋಡ್’ ಎನ್ನುತ್ತಾರೆ, ಯಾರೂ ಇಲ್ಲ.

ಆದ್ದರಿಂದ ಇದನ್ನು ಭಾಷೆಯ ದೋಷ ಎಂದು ಬೈಯುವವರ ಜೊತೆ ನಾನು ಪೂರ್ತಿ ಸೇರುವುದಿಲ್ಲ. ಸ್ವಾತಂತ್ರ್ಯ ಬೇಕೆಂದರು, ಅದರ ಬೆಲೆ ಇದು. ಬ್ರೌಸರ್ ಗುಂಡಿಯನ್ನೇ ‘ದಿಸ್’ ಮಾಡುವುದಕ್ಕೂ ಒಳ್ಳೆಯ ಕಾರಣವಿತ್ತು. ಪುಟದಲ್ಲಿ ಇಪ್ಪತ್ತು ಗುಂಡಿಗಳಿದ್ದು ಎಲ್ಲಕ್ಕೂ ಒಂದೇ ಫಂಕ್ಷನ್ ಕಟ್ಟಿದಾಗ, ಒತ್ತಿದ್ದು ಯಾವುದು ಎಂದು ಕೇಳಲು ಆ ಪದ ಅನುಕೂಲ. ಪೈಥಾನ್ ಕಲಿತು ಬಂದ ವಿದ್ಯಾರ್ಥಿ ಇಲ್ಲಿ ಹೆಚ್ಚು ಎಡವುತ್ತಾನೆ. ಏಕೆಂದರೆ ಪೈಥಾನಿನಲ್ಲಿ ಆಬ್ಜೆಕ್ಟಿನಿಂದ ಫಂಕ್ಷನ್ನನ್ನು ತೆಗೆದುಕೊಟ್ಟರೆ ಅದು ತನ್ನ ಒಡೆಯನನ್ನು ನೆನಪಿಟ್ಟುಕೊಂಡೇ ಹೋಗುತ್ತದೆ. ಅಲ್ಲಿ ಚೀಟಿಯ ಹಿಂದೆ ಅಜ್ಜನ ಹೆಸರು ತಾನಾಗಿಯೇ ಬರೆದಿರುತ್ತದೆ.

ತೊಡಕಿಗೆ ಇನ್ನೊಂದು ಗಂಟೂ ಬಿತ್ತು. 2000ದ ನವೆಂಬರಿನಲ್ಲಿ ಹೊರಬಂದ ಮಾನಕದಲ್ಲಿ ‘ಆಡ್‌ಇವೆಂಟ್‌ಲಿಸನರ್’ ಎಂಬ ವಿಧಾನವನ್ನು ನಿಗದಿ ಮಾಡಿದ್ದರು. ಆದರೆ ಆ ಕಾಲದಲ್ಲಿ ಹೆಚ್ಚು ಜನ ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತನ್ನದೇ ಆದ ‘ಅಟ್ಯಾಚ್‌ಇವೆಂಟ್’ ಎಂಬ ವಿಧಾನ ಇಟ್ಟುಕೊಂಡಿತ್ತು. ಅದರಲ್ಲಿ ‘ದಿಸ್’ ಎಂದರೆ ಗುಂಡಿಯಲ್ಲ, ಇಡೀ ಕಿಟಕಿ. ಒಂದೇ ಫಂಕ್ಷನ್, ಒಂದೇ ಗುಂಡಿ, ಎರಡು ಬ್ರೌಸರಿನಲ್ಲಿ ಎರಡು ಅರ್ಥ. 2011ರಲ್ಲಿ ಅದರ ಒಂಬತ್ತನೆಯ ಆವೃತ್ತಿ ಮಾನಕ ವಿಧಾನವನ್ನು ಒಪ್ಪಿಕೊಳ್ಳುವವರೆಗೂ ಪುಟ ಬರೆಯುವವರು ಎರಡೂ ಕಡೆಗೆ ಸಮಾಧಾನ ಹೇಳಬೇಕಾಗಿತ್ತು. 2022ರ ಜೂನಿನಲ್ಲಿ ಆ ಬ್ರೌಸರಿಗೆ ಬೆಂಬಲವನ್ನು ನಿಲ್ಲಿಸಲಾಯಿತು. ಈಗಿನ ವಿದ್ಯಾರ್ಥಿಗಳಿಗೆ ಆ ಕಷ್ಟ ಇಲ್ಲ.

ಭಾಷೆಯನ್ನೇ ತಿದ್ದಿದರು

ಹುಡುಗನ ತಂದೆಗೆ ನಾನು ಮುಖ್ಯವಾಗಿ ಹೇಳಿದ್ದು ಈ ಭಾಗವನ್ನು. ನಿಮ್ಮ ಮಗ ಎಡವಿದ ಜಾಗದಲ್ಲಿ ಎಷ್ಟು ಜನ ಎಡವಿದರೆಂದರೆ, ಕೊನೆಗೆ ಜನರನ್ನು ತಿದ್ದುವ ಬದಲು ಭಾಷೆಯನ್ನೇ ಎರಡು ಸಲ ತಿದ್ದಬೇಕಾಯಿತು.

ಮೊದಮೊದಲು ಎಲ್ಲರೂ ಬಳಸುತ್ತಿದ್ದ ಉಪಾಯ ಹಳ್ಳಿಯದು. ಆಬ್ಜೆಕ್ಟಿನ ಒಂದು ಫಂಕ್ಷನ್ನಿನೊಳಗೆ ಹ್ಯಾಂಡ್ಲರನ್ನು ಬರೆಯುವ ಮುನ್ನ ‘ವಾರ್ ದಟ್ = ದಿಸ್;’ ಎಂದು ಒಂದು ಸಾಲು. ‘ಇದು’ ಎಂಬುದರ ಅರ್ಥ ಬದಲಾಗುವ ಮೊದಲೇ ಅದಕ್ಕೆ ‘ಅದು’ ಎಂಬ ಸ್ಥಿರವಾದ ಹೆಸರು ಕೊಟ್ಟಿಟ್ಟುಕೊಳ್ಳುವುದು, ಆಮೇಲೆ ಒಳಗೆ ‘ದಟ್’ ಎಂದೇ ಬರೆಯುವುದು. ಡಗ್ಲಾಸ್ ಕ್ರಾಕ್‌ಫರ್ಡ್ ಅವರು ಜಾವಾಸ್ಕ್ರಿಪ್ಟಿನ ಒಳ್ಳೆಯ ಭಾಗಗಳ ಬಗ್ಗೆ 2008ರಲ್ಲಿ ಪ್ರಕಟಿಸಿದ ಹೆಸರುವಾಸಿ ಪುಸ್ತಕದಲ್ಲೂ ಈ ಉಪಾಯವಿದೆ. ಒಳಗಿನ ಫಂಕ್ಷನ್ನಿನಲ್ಲಿ ‘ದಿಸ್’ ಕೈಬಿಟ್ಟುಹೋಗುವುದು ಭಾಷೆಯ ವಿನ್ಯಾಸದಲ್ಲೇ ಆದ ತಪ್ಪು ಎಂಬುದು ಅವರ ನಿಲುವು.

ಎರಡನೆಯದು ‘ಬೈಂಡ್’, ಅಂದರೆ ಕಟ್ಟುವುದು. ಸ್ಯಾಮ್ ಸ್ಟೀಫನ್‌ಸನ್ ಎಂಬವರು 2005ರಲ್ಲಿ ‘ಪ್ರೊಟೊಟೈಪ್’ ಎಂಬ ಕೋಡಿನ ಸಂಗ್ರಹವೊಂದನ್ನು ಹೊರತಂದರು. ಫಂಕ್ಷನ್ನನ್ನು ಒಂದು ಆಬ್ಜೆಕ್ಟಿಗೆ ಕಟ್ಟಿ ಕಳಿಸುವ ಸೌಲಭ್ಯ ಅದರಲ್ಲಿತ್ತು. ಜನ ಅದನ್ನು ಬಹಳ ಮೆಚ್ಚಿದರು. 2009ರ ಡಿಸೆಂಬರಿನಲ್ಲಿ ಎಕ್ಮಾ ಸಂಸ್ಥೆ ಭಾಷೆಯ ಐದನೆಯ ಆವೃತ್ತಿಯನ್ನು ಪ್ರಕಟಿಸಿದಾಗ ‘ಬೈಂಡ್’ ಭಾಷೆಯ ಸ್ವಂತ ಸೊತ್ತಾಯಿತು. ನಮ್ಮ ಸಾಲು ಹೀಗಾಗುತ್ತದೆ:

ಬಟನ್.ಆಡ್‌ಇವೆಂಟ್‌ಲಿಸನರ್(“ಕ್ಲಿಕ್”, ಗಂಗಾ.ಹೆಚ್ಚಿಸು.ಬೈಂಡ್(ಗಂಗಾ));

ಚೀಟಿಯ ಮೇಲೆ ಅಜ್ಜನ ಹೆಸರು ಬರೆದು ಸಹಿ ಹಾಕಿದಂತಾಯಿತು. ಈಗ ಯಾರ ಕೈಯಲ್ಲಿ ಕಳಿಸಿದರೂ ಲೆಕ್ಕ ಅಜ್ಜನದೇ. ಗಂಗಾ ಎಂದು ಎರಡು ಸಲ ಬರೆಯಬೇಕೇ ಎಂದು ಮಕ್ಕಳು ಕೇಳುತ್ತಾರೆ. ಬರೆಯಲೇಬೇಕು. ಮೊದಲನೆಯ ಗಂಗಾ ಚೀಟಿ ಎಲ್ಲಿದೆ ಎಂಬುದನ್ನು ಹೇಳುತ್ತದೆ, ಎರಡನೆಯದು ಯಾರ ಲೆಕ್ಕ ಎಂಬುದನ್ನು.

ಇಲ್ಲೊಂದು ಗುಂಡಿ ಇದೆ, ಒತ್ತುವ ಗುಂಡಿಯಲ್ಲ, ಬೀಳುವ ಗುಂಡಿ! ‘ಬೈಂಡ್’ ಹಳೆಯ ಫಂಕ್ಷನ್ನನ್ನು ಬದಲಿಸುವುದಿಲ್ಲ, ಪ್ರತಿ ಸಲವೂ ಹೊಸದೊಂದನ್ನು ಮಾಡಿಕೊಡುತ್ತದೆ. ಒಂದೇ ಹ್ಯಾಂಡ್ಲರನ್ನು ಒಂದೇ ಬಟನ್ನಿಗೆ ಎರಡು ಸಲ ಕಟ್ಟಿದರೆ ಬ್ರೌಸರ್ ಎರಡನೆಯದನ್ನು ಕಡೆಗಣಿಸುತ್ತದೆ. ಆದರೆ ಎರಡು ಸಲವೂ ಅಲ್ಲೇ ‘ಬೈಂಡ್’ ಮಾಡಿ ಕಟ್ಟಿದರೆ ಅವು ಬೇರೆ ಬೇರೆ ಫಂಕ್ಷನ್ನುಗಳಾದ್ದರಿಂದ ಎರಡೂ ಉಳಿಯುತ್ತವೆ, ಒಂದು ಒತ್ತಿಗೆ ಎರಡು ಅಂಕ ಏರುತ್ತದೆ. ‘ರಿಮೂವ್‌ಇವೆಂಟ್‌ಲಿಸನರ್’ ಎಂದು ಬಿಚ್ಚಲು ಹೋದಾಗಲೂ ಇದೇ ಕಥೆ. ಅಲ್ಲಿ ಮತ್ತೆ ‘ಗಂಗಾ.ಹೆಚ್ಚಿಸು.ಬೈಂಡ್(ಗಂಗಾ)’ ಎಂದು ಬರೆದರೆ ಬ್ರೌಸರ್ ಆ ಹೊಸ ಫಂಕ್ಷನ್ನನ್ನು ಹುಡುಕುತ್ತದೆ, ಸಿಗುವುದಿಲ್ಲ, ಸುಮ್ಮನಾಗುತ್ತದೆ. ಹಳೆಯದು ಅಲ್ಲೇ ಇರುತ್ತದೆ. ಆದ್ದರಿಂದ ಒಮ್ಮೆ ಕಟ್ಟಿದ ಫಂಕ್ಷನ್ನಿಗೆ ಹೆಸರು ಕೊಟ್ಟು ಇಟ್ಟುಕೊಂಡು, ಹಾಕುವಾಗಲೂ ತೆಗೆಯುವಾಗಲೂ ಅದೇ ಹೆಸರನ್ನು ಬಳಸಬೇಕು.

ತಾನು

ಮೂರನೆಯ ತಿದ್ದುಪಾಟು 2015ರ ಜೂನಿನಲ್ಲಿ ಬಂತು. ಅದು ‘ಆರೋ ಫಂಕ್ಷನ್’, ಬಾಣದ ಗುರುತಿನ ಫಂಕ್ಷನ್. ಇದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಮಕ್ಕಳಿಗಿಂತ ಕನ್ನಡದ ಮಕ್ಕಳಿಗೆ ಹೆಚ್ಚು ಅನುಕೂಲವಿದೆ ಎಂದು ನನಗೆ ಅನ್ನಿಸುತ್ತದೆ. ಕಾರಣ, ನಮ್ಮಲ್ಲಿ ‘ತಾನು’ ಎಂಬ ಪದವಿದೆ.

ಈ ಎರಡು ವಾಕ್ಯಗಳನ್ನು ನೋಡಿ. ‘ನಾನು ಗೆದ್ದೆ.’ ‘ರಾಜು ತಾನು ಗೆದ್ದೆನೆಂದು ಹೇಳಿದ.’ ಮೊದಲನೆಯದನ್ನು ರಾಜು ಒಂದು ಕಾಗದದಲ್ಲಿ ಬರೆದು ಸೀತೆಯ ಕೈಗೆ ಕೊಟ್ಟು ಸಭೆಯಲ್ಲಿ ಓದಿಸಿದರೆ ಕೇಳಿದವರು ಸೀತೆ ಗೆದ್ದಳೆಂದು ತಿಳಿಯುತ್ತಾರೆ. ಎರಡನೆಯದನ್ನು ಯಾರ ಕೈಯಲ್ಲಿ ಓದಿಸಿದರೂ ಗೆದ್ದವನು ರಾಜುವೇ. ‘ನಾನು’ ಎಂಬುದು ಓದುವವರನ್ನು ಹಿಡಿದು ಹೋಗುತ್ತದೆ. ‘ತಾನು’ ಎಂಬುದು ತನ್ನ ವಾಕ್ಯದ ಕರ್ತೃವಿಗೆ ಅಂಟಿಕೊಂಡಿರುತ್ತದೆ, ಓದುವವರು ಯಾರೆಂದು ಅದು ಕೇಳುವುದೇ ಇಲ್ಲ.

ಸಾಮಾನ್ಯ ಫಂಕ್ಷನ್ನಿನೊಳಗಿನ ‘ದಿಸ್’ ನಮ್ಮ ‘ನಾನು’. ಬಾಣದ ಫಂಕ್ಷನ್ನಿನೊಳಗಿನ ‘ದಿಸ್’ ನಮ್ಮ ‘ತಾನು’. ಬಾಣದ ಫಂಕ್ಷನ್ನಿಗೆ ಸ್ವಂತ ‘ದಿಸ್’ ಎಂಬುದೇ ಇಲ್ಲ. ತನ್ನನ್ನು ಬರೆದ ಜಾಗದಲ್ಲಿ, ತನ್ನನ್ನು ಸುತ್ತುವರಿದ ಫಂಕ್ಷನ್ನಿಗೆ ಯಾವ ‘ದಿಸ್’ ಇತ್ತೋ ಅದನ್ನೇ ತೆಗೆದುಕೊಳ್ಳುತ್ತದೆ. ಗಂಗಾದೊಳಗೆ ‘ಸಿದ್ಧಮಾಡು’ ಎಂಬ ಇನ್ನೊಂದು ಫಂಕ್ಷನ್ ಸೇರಿಸಿದರೆ:

ಸಿದ್ಧಮಾಡು: ಫಂಕ್ಷನ್ () {
  ಬಟನ್.ಆಡ್‌ಇವೆಂಟ್‌ಲಿಸನರ್(“ಕ್ಲಿಕ್”, () => ದಿಸ್.ಹೆಚ್ಚಿಸು());
}

‘ಗಂಗಾ.ಸಿದ್ಧಮಾಡು()’ ಎಂದು ಕರೆದಾಗ ಹೊರಗಿನ ಫಂಕ್ಷನ್ನಿನ ‘ದಿಸ್’ ಗಂಗಾ. ಒಳಗಿನ ಬಾಣ ಆ ಗಂಗಾವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ಬ್ರೌಸರ್ ಕರೆದಾಗ ಗುಂಡಿಯನ್ನು ‘ದಿಸ್’ ಎಂದು ಒಪ್ಪಿಸಲು ಬಂದರೂ ಬಾಣ ಅದನ್ನು ತೆಗೆದುಕೊಳ್ಳುವುದಿಲ್ಲ.

ಇದನ್ನು ಕಲಿತ ಉತ್ಸಾಹದಲ್ಲಿ ಮಕ್ಕಳು ಎಲ್ಲೆಲ್ಲೂ ಬಾಣ ಹೊಡೆಯುತ್ತಾರೆ. ‘ಹೆಚ್ಚಿಸು’ ಎಂಬ ಫಂಕ್ಷನ್ನನ್ನೇ ಬಾಣವಾಗಿ ಬರೆಯುತ್ತಾರೆ. ಅಲ್ಲಿ ಮತ್ತೆ ಕೆಡುತ್ತದೆ, ಏಕೆಂದರೆ ಆಬ್ಜೆಕ್ಟಿನ ಪುಷ್ಪಾವರಣ ‘ದಿಸ್’ ಅನ್ನು ಹುಟ್ಟಿಸುವುದಿಲ್ಲ, ಫಂಕ್ಷನ್ ಮಾತ್ರ ಹುಟ್ಟಿಸುತ್ತದೆ. ಸುತ್ತ ಯಾವ ಫಂಕ್ಷನ್ನೂ ಇಲ್ಲದಿದ್ದರೆ ಬಾಣ ಇನ್ನೂ ಹೊರಗೆ ನೋಡುತ್ತದೆ. ಸಾಮಾನ್ಯವಾಗಿ ಬರೆದ ಪುಟದಲ್ಲಿ ಅದಕ್ಕೆ ಸಿಗುವುದು ಇಡೀ ಕಿಟಕಿ. ಕರ್ತೃವಿಲ್ಲದ ವಾಕ್ಯದಲ್ಲಿ ‘ತಾನು’ ಎಂದರೆ ಯಾರು ಎಂದು ಹುಡುಕಿದಂತೆ. ಆಬ್ಜೆಕ್ಟಿನ ಫಂಕ್ಷನ್ನುಗಳಿಗೆ ‘ನಾನು’ ಇರಲಿ, ಅವುಗಳ ಒಳಗೆ ಬರುವ ಹ್ಯಾಂಡ್ಲರುಗಳಿಗೆ ‘ತಾನು’ ಇರಲಿ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ.

ಇನ್ನೊಂದು ವಿಧಾನವನ್ನು ಅನೇಕ ಪುಸ್ತಕಗಳು ಹೇಳುವುದೇ ಇಲ್ಲ. ಫಂಕ್ಷನ್ನಿನ ಬದಲು ಆಬ್ಜೆಕ್ಟನ್ನೇ ಬ್ರೌಸರಿನ ಕೈಗೆ ಕೊಡಬಹುದು. ಅದರೊಳಗೆ ‘ಹ್ಯಾಂಡಲ್‌ಇವೆಂಟ್’ ಎಂಬ ಹೆಸರಿನ ಫಂಕ್ಷನ್ ಇದ್ದರೆ ಬ್ರೌಸರ್ ಅದನ್ನು ಕರೆಯುತ್ತದೆ, ‘ದಿಸ್’ ಆ ಆಬ್ಜೆಕ್ಟೇ ಆಗಿರುತ್ತದೆ. ಚೀಟಿ ಕಳಿಸದೆ ಅಜ್ಜನನ್ನೇ ಕಳಿಸಿದಂತೆ. ಬಿಚ್ಚುವಾಗಲೂ ತೊಂದರೆಯಿಲ್ಲ, ಅದೇ ಆಬ್ಜೆಕ್ಟನ್ನು ಹೇಳಿದರಾಯಿತು.

ಹಾಗಾದರೆ ಒತ್ತಿದ ಗುಂಡಿ ಯಾವುದೆಂದು ತಿಳಿಯಬೇಕಾದಾಗ ಏನು ಮಾಡುವುದು? ‘ದಿಸ್’ ಅನ್ನು ಆ ಕೆಲಸಕ್ಕೆ ಕರೆಯಬೇಕಾಗಿಲ್ಲ. ಬ್ರೌಸರ್ ಪ್ರತಿ ಹ್ಯಾಂಡ್ಲರಿಗೂ ಇವೆಂಟಿನ ವಿವರವಿರುವ ಒಂದು ಆಬ್ಜೆಕ್ಟನ್ನು ಕೊಡುತ್ತದೆ. ಅದರ ‘ಕರೆಂಟ್‌ಟಾರ್ಗೆಟ್’ ಎಂಬುದು ಹ್ಯಾಂಡ್ಲರ್ ಕಟ್ಟಿದ ಗುಂಡಿ. ‘ಟಾರ್ಗೆಟ್’ ಎಂಬುದು ನಿಜವಾಗಿ ಬೆರಳು ಬಿದ್ದ ಜಾಗ, ಗುಂಡಿಯೊಳಗೆ ಚಿತ್ರವಿದ್ದರೆ ಅದು ಆ ಚಿತ್ರವೇ ಆಗಿರಬಹುದು. ಇವೆರಡಕ್ಕೂ ನಾನು, ತಾನುಗಳ ಗೊಂದಲ ಇಲ್ಲ.

ಈಗ ಕೇಳಿದರೆ ಕೋಡ್ ಬರೆದುಕೊಡುವ ತಂತ್ರಾಂಶಗಳು ಬಂದಿವೆ, ಇವನ್ನೆಲ್ಲ ಮಕ್ಕಳು ಏಕೆ ಕಲಿಯಬೇಕು ಎಂದು ಕೆಲವು ಪೋಷಕರು ಕೇಳುತ್ತಾರೆ. ಅವು ಬಾಣ ಹಾಕಿಯೂ ಕೊಡಬಹುದು, ಹಾಕದೆಯೂ ಕೊಡಬಹುದು. ಪರದೆಯ ಮೇಲೆ 111 ಬಂದಾಗ ಎದುರಿಗೆ ನಿಂತು ಉತ್ತರ ಹೇಳಬೇಕಾದವನು ಹುಡುಗ. ಬಾಣ ಹಾಕಿದರೆ ಸರಿಹೋಗುತ್ತದೆ ಎಂದು ಬಾಯಿಪಾಠ ಮಾಡಿಸುವ ತರಬೇತಿ ಕೇಂದ್ರಗಳಿಗೆ ಸಾವಿರಾರು ರೂಪಾಯಿ ಕಟ್ಟುವ ಮುನ್ನ, ಬಾಣ ಇಲ್ಲದಿದ್ದರೆ ಏಕೆ ಕೆಡುತ್ತದೆ ಎಂದು ಅಲ್ಲಿನವರನ್ನು ಒಮ್ಮೆ ಕೇಳಿ ನೋಡಿ. ಉತ್ತರ ಹೇಳುವ ರೀತಿಯಲ್ಲೇ ಅಲ್ಲಿನ ಪಾಠದ ಮಟ್ಟ ತಿಳಿಯುತ್ತದೆ.

ನಮ್ಮ ಹುಡುಗ ಪಿಸಿಎಂಸಿಗೇ ಸೇರಿದ. ಅವನಿಗೆ ತಿಳಿಯದೆ ಹೋಗಿದ್ದು ಒಂದು ಪದದ ಅರ್ಥ ಯಾವ ಹೊತ್ತಿನಲ್ಲಿ ನಿರ್ಧಾರವಾಗುತ್ತದೆ ಎಂಬುದು ಮಾತ್ರ. ಕಾಗದದ ಮೇಲೆ ಚೀಟಿ ಬರೆದು ತೋರಿಸಿದಾಗ ಹತ್ತು ನಿಮಿಷದಲ್ಲಿ ಹಿಡಿದುಕೊಂಡ.

ಮನೆಯಲ್ಲಿ ಮಾಡಿ ನೋಡಿ

ಆಸಕ್ತ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಯಾವುದೇ ಕಂಪ್ಯೂಟರಿನಲ್ಲಿ ಬ್ರೌಸರ್ ಇದ್ದರೆ ಸಾಕು, ಬೇರೇನೂ ಬೇಡ. ಮೇಲಿನ ಗಂಗಾ ಆಬ್ಜೆಕ್ಟನ್ನು ಹಾಗೆಯೇ ಬರೆದುಕೊಳ್ಳಿ. ‘ತೋರಿಸು’ ಎನ್ನುವ ಕಡೆ ‘ಅಲರ್ಟ್’ ಎಂದು ಹಾಕಿದರೆ ಸಂಖ್ಯೆ ಪುಟ್ಟ ಪೆಟ್ಟಿಗೆಯಲ್ಲಿ ಬರುತ್ತದೆ. ‘ಬೈಂಡ್’ ಬೇಡ, ಬಾಣವೂ ಬೇಡ, ಹುಡುಗನ ಹಳೆಯ ಸಾಲನ್ನೇ ಇಡಿ. ಮೊದಲು ಒಂದು ಬಟನ್ನಿಗೆ ಕಟ್ಟಿ ಮೂರು ಸಲ ಒತ್ತಿ: 1, 11, 111.

ಎರಡನೆಯ ಸಲ ಬಟನ್ನಿನ ಬದಲು ಒಂದು ಪ್ಯಾರಾಗ್ರಾಫಿಗೆ ಕಟ್ಟಿ. ಪ್ಯಾರಾಗ್ರಾಫಿಗೆ ವ್ಯಾಲ್ಯೂ ಎಂಬ ಗುಣವಿಲ್ಲ. ಎಷ್ಟು ಸಲ ಒತ್ತಿದರೂ ‘ಎನ್ಎಎನ್’.

ಮೂರನೆಯ ಸಲ, 1, 2, 3 ಎಂದು ಕ್ರಮಸಂಖ್ಯೆ ಬರುವಂಥ ಪಟ್ಟಿಯೊಂದನ್ನು ಮಾಡಿ, ಅದರ ಮೊದಲನೆಯ ಅಂಶಕ್ಕೆ ಕಟ್ಟಿ. ಪಟ್ಟಿಯ ಅಂಶಕ್ಕೆ ವ್ಯಾಲ್ಯೂ ಎಂಬ ಗುಣವಿದೆ, ಅದು ಬರಹವಲ್ಲ, ಸಂಖ್ಯೆ, ಆರಂಭದಲ್ಲಿ ಸೊನ್ನೆ. ಮೂರು ಸಲ ಒತ್ತಿ. 1, 2, 3 ಎಂದು ಅಚ್ಚುಕಟ್ಟಾಗಿ ಬರುತ್ತದೆ. ಎಲ್ಲ ಸರಿಯಾಯಿತೆಂದು ಅನ್ನಿಸುತ್ತದೆ. ಅಲ್ಲಿಗೆ ನಿಲ್ಲಿಸದೆ ಪಟ್ಟಿಯ ಕಡೆ ಕಣ್ಣು ಹಾಯಿಸಿ: ಮೊದಲನೆಯ ಅಂಶದ ಕ್ರಮಸಂಖ್ಯೆ 3 ಆಗಿರುತ್ತದೆ. ಈಗ ‘ಅಲರ್ಟ್(ಗಂಗಾ.ವ್ಯಾಲ್ಯೂ)’ ಎಂದು ಕೇಳಿ ನೋಡಿ. ಬರುವ ಉತ್ತರ 0.